ತಿದ್ದುವುದು, ಸಂತೈಸುವುದು: ಬಸವಣ್ಣನ ಒಂದು ವಚನದ ಎರಡು ಕ್ರಿಯಾಪದಗಳು

ಲೋಕದ ಡೊಂಕನ್ನು ಕುರಿತ ಬಸವಣ್ಣನ ವಚನ ಬಹುಪ್ರಚಲಿತವಾದುದು. ಪ್ರಚಲಿತವಾದುದರಿಂದಲೇ ಅದರ ಪದವಿನ್ಯಾಸ ನಮ್ಮ ಗಮನದಿಂದ ಜಾರಿದೆ. ‘ಮೊದಲು ನೀನು ನೆಟ್ಟಗಾಗು’ ಎಂಬ ಗದರಿಕೆಯಾಗಿಯೇ ಅದನ್ನು ಬಳಸುವ ರೂಢಿ ಬೆಳೆದಿದೆ. ವಚನದ ಕ್ರಿಯಾಪದಗಳು ಈ ಅರ್ಥಕ್ಕೆ ಸಮ್ಮತಿಸುವುದಿಲ್ಲ. ಲೋಕದ ಮಾತು ಬಂದಾಗ ಅಲ್ಲಿರುವ ಕ್ರಿಯಾಪದ ‘ತಿದ್ದು’. ತನುಮನಗಳ ಮಾತು ಬಂದೊಡನೆ ಅದನ್ನು ಕೈಬಿಟ್ಟು ವಚನಕಾರ ‘ಸಂತೈಸು’ ಎಂಬುದನ್ನು ಆಯ್ದುಕೊಳ್ಳುತ್ತಾನೆ. ಲೋಕವನ್ನಲ್ಲ, ನಿಮ್ಮನ್ನು ತಿದ್ದಿಕೊಳ್ಳಿ ಎಂದಿದ್ದರೆ ವಾಕ್ಯ ಸಮತೂಕವಾಗಿರುತ್ತಿತ್ತು. ಆ ಸಮತೂಕವನ್ನು ಬಿಟ್ಟುಕೊಟ್ಟದ್ದರಲ್ಲಿಯೇ ವಚನದ ತಾತ್ಪರ್ಯವಿದೆ.

ತಿದ್ದುವುದಕ್ಕೆ ಹೊರಗಿನದೊಂದು ಮಾದರಿ ಬೇಕು. ಮಗು ಅಕ್ಷರ ತಿದ್ದುವುದು ಗುರು ಬರೆದುಕೊಟ್ಟ ಗೆರೆಯ ಮೇಲೆ. ಸಂತೈಸುವುದಕ್ಕೆ ಅಂತಹ ಗೆರೆಯಿಲ್ಲ. ಅಲ್ಲಿರುವುದು ದಣಿದ, ನೊಂದ ಜೀವ. ಸಮಾಧಾನಗೊಳಿಸುವುದರ ಜೊತೆಗೆ ಸಲಹುವುದು, ಪೋಷಿಸುವುದು ಎಂಬ ಛಾಯೆಗಳೂ ಆ ಪದಕ್ಕಿವೆ. ಮನಸ್ಸನ್ನು ತಪ್ಪಾಗಿ ಬರೆದ ಅಕ್ಷರವೆಂದು ಕಾಣುವುದಕ್ಕೂ ಆರೈಕೆ ಬೇಡುವ ಜೀವವೆಂದು ಕಾಣುವುದಕ್ಕೂ ಅಂತರ ಸಣ್ಣದಲ್ಲ. ತನುವನ್ನೂ ಮನವನ್ನೂ ವಚನ ಒಂದೇ ಕ್ರಿಯಾಪದದಡಿ ತಂದಿರುವುದು ಗಮನಾರ್ಹ: ಮನದ ಏಳಿಗೆಗಾಗಿ ತನುವನ್ನು ದಂಡಿಸುವ ಮಾರ್ಗ ಇಲ್ಲಿಲ್ಲ.

ಹಾಗೆಂದು ಬಸವಣ್ಣ ತನ್ನ ವಿಷಯದಲ್ಲಿ ಮೃದುವಾಗಿದ್ದನೆನ್ನುವಂತಿಲ್ಲ. ಷಟ್‌ಸ್ಥಲದ ಅನುಕ್ರಮದಲ್ಲಿ ಇದೇ ಭಕ್ತಸ್ಥಲದೊಳಗೆ ಕಟುವಾದ ಆತ್ಮನಿಂದೆಯ ವಚನಗಳೂ ಇವೆ. ಪಲ್ಲಕ್ಕಿಯೇರಿದರೂ ಹಳೆಯ ಸ್ವಭಾವ ಬಿಡದ ನಾಯಿಗೆ ತನ್ನ ಮನಸ್ಸನ್ನು ಹೋಲಿಸುವ ವಚನ ಅವುಗಳಲ್ಲೊಂದು. ಸ್ಥಾನ ಬದಲಾದರೂ ಸ್ವಭಾವ ಬದಲಾಗದು ಎಂಬ ಅರಿವು, ಬಿಜ್ಜಳನ ಆಸ್ಥಾನದಲ್ಲಿ ಉನ್ನತ ಪದವಿಯಲ್ಲಿದ್ದವನ ಬಾಯಲ್ಲಿ ಬಂದಾಗ ಇನ್ನಷ್ಟು ಹರಿತವಾಗುತ್ತದೆ. ಕೆಸರಿನಲ್ಲಿ ಸಿಕ್ಕಿದ ಪಶುವಿನ ವಚನದ ದನಿ ಬೇರೆ. ಅಲ್ಲಿ ಪಶುವಿನ ತಪ್ಪಿನ ವಿಚಾರಣೆಯಿಲ್ಲ, ವಿಚಾರಿಸಿಕೊಳ್ಳುವವರಿಲ್ಲವೆಂಬುದೇ ಸಂಕಟ. ಅದನ್ನು ಮೇಲೆತ್ತುವುದು ದೇವರ ಮರುಕ. ಅಲ್ಲಿ ದೇವರಿಂದ ಬಯಸಿದ ಆರೈಕೆಯನ್ನು ಲೋಕದ ಡೊಂಕಿನ ವಚನ ನಮ್ಮನಮ್ಮ ಹೊಣೆಯಾಗಿಸುತ್ತದೆ.

‘ಡೊಂಕು’ ಎಂಬ ಪದವೂ ಬಸವಣ್ಣನಲ್ಲಿ ಸದಾ ದೋಷವಾಚಕವಲ್ಲ. ಇನ್ನೊಂದು ವಚನದಲ್ಲಿ ಹಾವಿನ ಡೊಂಕು ಹುತ್ತಕ್ಕೂ ನದಿಯ ಡೊಂಕು ಕಡಲಿಗೂ ಶರಣರ ಡೊಂಕು ಲಿಂಗಕ್ಕೂ ನೇರವಾಗಿಯೇ ಒಪ್ಪುತ್ತದೆ. ನೆಟ್ಟಗೆ ಮಾಡಿದ ಹಾವು ಹಾವಾಗಿ ಉಳಿಯದು. ತನ್ನತನದಿಂದ ಬದುಕುವುದೆಂದರೆ ವಕ್ರತೆಯನ್ನೆಲ್ಲ ಅಳಿಸುವುದಲ್ಲ, ಅದು ಸಲ್ಲುವ ನೆಲೆಯನ್ನು ಕಾಣುವುದು ಎಂಬ ವಿವೇಕ ಇಲ್ಲಿದೆ.

ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ 2003ರಲ್ಲಿ ಸ್ವಾನುಕಂಪೆಗೆ ಮೂರು ಅಂಗಗಳನ್ನು ಹೇಳಿದರು: ತನ್ನ ಬಗ್ಗೆ ದಯೆ, ನೋವು ಎಲ್ಲರಿಗೂ ಸಮಾನವೆಂಬ ತಿಳಿವು, ಎಚ್ಚರದ ಗಮನ. ವಚನದಲ್ಲಿ ಇಮ್ಮಡಿಸಿ ಬರುವ ಬಹುವಚನ ಸರ್ವನಾಮ ಎರಡನೆಯ ಅಂಗಕ್ಕೆ ಹತ್ತಿರವಾದುದು. ಸಂತೈಕೆಯ ಅಗತ್ಯದಿಂದ ಯಾರೂ ಹೊರತಲ್ಲ. ಆದರೆ ಎರಡನ್ನೂ ಒಂದೆನ್ನಲಾಗದು. ನೆಫ್ ಅವರ ಲಕ್ಷ್ಯ ಮನಃಸ್ವಾಸ್ಥ್ಯ. ವಚನದಲ್ಲಿ ಕೊನೆಯ ಮಾತು ಕೂಡಲಸಂಗಮದೇವನ ಮೆಚ್ಚುಗೆಯದು. ಮೇಲಾಗಿ, ಅಂತರಂಗ ಬಹಿರಂಗ ಶುದ್ಧಿಯ ಏಳು ನಿಷೇಧಗಳಲ್ಲಿ ತನ್ನನ್ನು ಬಣ್ಣಿಸಿಕೊಳ್ಳುವುದೂ ಒಂದು. ಸಂತೈಕೆ ಬೇರೆ, ಆತ್ಮಪ್ರಶಂಸೆ ಬೇರೆ.

ಉಳಿಯುವ ತೊಡಕು ವಚನದ ಮುಕ್ತಾಯದ್ದು. ನೆರೆಮನೆಯ ದುಃಖಕ್ಕೆ ಅಳುವವರನ್ನು ದೇವರು ಮೆಚ್ಚನೆಂದರೆ, ದಯೆಯೇ ಧರ್ಮದ ಮೂಲವೆಂದವನ ಮಾತೇ ಇದು? ಇದನ್ನು ಸಮಾಜವಿಮುಖತೆಯ ಸಮರ್ಥನೆಯಾಗಿ ಓದಿದರೆ ಕಲ್ಯಾಣದ ಚಳವಳಿಯೇ ಅರ್ಥಹೀನವಾಗುತ್ತದೆ. ಇಲ್ಲಿ ನಿರಾಕೃತವಾದುದು ದಯೆಯಲ್ಲ, ತನ್ನೊಳಗಿನ ನೋವನ್ನು ನೋಡಲಾರದೆ ಪರರ ನೋವಿನಲ್ಲಿ ಆಶ್ರಯ ಪಡೆಯುವ ಅಳು ಎಂದು ನನ್ನ ಗ್ರಹಿಕೆ. ಲೋಕವನ್ನು ತಿದ್ದಹೊರಟವನೂ ನೆರೆಮನೆಗಾಗಿ ಅಳುವವನೂ ಒಂದೇ ವಚನದಲ್ಲಿ ಜೊತೆಯಾಗಿರುವುದು ಆದ್ದರಿಂದಲೇ: ಇಬ್ಬರೂ ತಮ್ಮಿಂದ ದೂರ ಸರಿದವರು. ಈ ಓದು ವಚನದ ಕೊನೆಯ ಕಾಠಿಣ್ಯವನ್ನು ಪೂರ್ಣವಾಗಿ ಕರಗಿಸುವುದಿಲ್ಲ, ಕರಗಿಸಲೂಬಾರದು. ಸಂತೈಕೆಯನ್ನು ಮೈಗಳ್ಳತನವಾಗಲು ಬಿಡದೆ ಕಾಯುವುದು ಆ ಕಾಠಿಣ್ಯವೇ.