ಮಾಸ್ಕಿಗಿಂತ ಮೊದಲು ಗಾಳಿ

ಡೆನ್ಮಾರ್ಕಿನಲ್ಲಿ 1986ರಲ್ಲಿ ಒಂದು ಕಸ ವಿಂಗಡಣಾ ಘಟಕ ಶುರುವಾಯಿತು. ಕೆಲವೇ ತಿಂಗಳಲ್ಲಿ ಅಲ್ಲಿ ದುಡಿಯುತ್ತಿದ್ದ 15 ಮಂದಿಯಲ್ಲಿ 8 ಜನರಿಗೆ ಆಸ್ತಮಾ, ಇನ್ನೊಬ್ಬರಿಗೆ ದೀರ್ಘಕಾಲದ ಬ್ರಾಂಕೈಟಿಸ್ ಹಿಡಿಯಿತು. ಮಾಲ್ಮ್ರೋಸ್, ಸಿಗ್ಸ್‌ಗಾರ್ಡ್ ಮತ್ತು ಬಾಕ್ 1992ರಲ್ಲಿ ಪ್ರಕಟಿಸಿದ ಈ ಅಧ್ಯಯನ ಪುಟ್ಟದು; ಹದಿನೈದು ಜನರನ್ನು ನೋಡಿ ಎಲ್ಲ ಘಟಕಗಳ ಲೆಕ್ಕ ಹೇಳಲಾಗದು. ಆದರೂ ಕಸ ಆಯುವವರ ಅಪಾಯವೆಂದರೆ ಗಾಜು, ಸೂಜಿ ಚುಚ್ಚುವುದಷ್ಟೇ ಎಂದುಕೊಂಡವರೆಲ್ಲ ಇದನ್ನು ಓದಬೇಕು.

ಚೀಲದೊಳಗೆ ಒಂದೆರಡು ದಿನ ತೇವವಾಗಿ ಕೂತ ಕಸಕ್ಕೆ ಬೂಷ್ಟು ಹಿಡಿಯುತ್ತದೆ. ಅದನ್ನು ಬೆಲ್ಟಿನ ಮೇಲೆ ಸುರಿದಾಗ ಆಸ್ಪರ್ಜಿಲಸ್, ಪೆನಿಸಿಲಿಯಂನಂಥ ಬೂಷ್ಟುಗಳ ಬೀಜಕಣಗಳು ದೂಳಿನೊಂದಿಗೆ ಏಳುತ್ತವೆ. ಬಗ್ಗಿ ಆಯುವವರ ಮೂಗಿರುವುದು ಅಲ್ಲೇ. ಅದೇ ದೂಳಿನಲ್ಲಿರುವ ಬ್ಯಾಕ್ಟೀರಿಯಾ ಸತ್ತರೂ ಕಾಟ ತಪ್ಪದು. ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಎಂಡೋಟಾಕ್ಸಿನ್ ಶ್ವಾಸನಾಳವನ್ನು ಕೆರಳಿಸಿ ಕೆಮ್ಮು, ಜ್ವರ, ಎದೆಬಿಗಿತ ತರಬಲ್ಲದು.

ಜರ್ಮನಿಯ ಟಿಆರ್‌ಬಿಎ 214 ಎಂಬ ತಾಂತ್ರಿಕ ನಿಯಮ ಮೆಚ್ಚುಗೆಗೆ ಅರ್ಹವಾಗುವುದು ಕಸ ಆಯುವವರ ಉಸಿರು ಕಾಯುವ ಹೊಣೆಯನ್ನು ಕಟ್ಟಡದ ಮೇಲೆ ಹೊರಿಸಿದ್ದಕ್ಕೆ. ವಿಂಗಡಣೆಯ ಕ್ಯಾಬಿನ್‌ಗೆ ಶುದ್ಧ ಗಾಳಿ ಹಾಯಿಸಬೇಕು. ಒಂದು ಘನ ಮೀಟರ್ ಗಾಳಿಯಲ್ಲಿ ಬೆಳೆಯಬಲ್ಲ ಬೂಷ್ಟಿನ ಎಣಿಕೆ 50,000 ದಾಟಬಾರದು. ಆದರೆ ಈ ಅಂಕಿಯನ್ನು ಆರೋಗ್ಯದ ಗಡಿ ಎಂದು ಓದುವುದು ತಪ್ಪು. ಗಾಳಿಯ ವ್ಯವಸ್ಥೆ ನೆಟ್ಟಗೆ ನಡೆಯುತ್ತಿದೆಯೇ ಎಂಬುದಕ್ಕೆ ಅದೊಂದು ಗುರುತು ಮಾತ್ರ. ಸತ್ತ ಬೀಜಕಣವಾಗಲಿ ಎಂಡೋಟಾಕ್ಸಿನ್ ಆಗಲಿ ಆ ಎಣಿಕೆಗೆ ಸಿಗುವುದೇ ಇಲ್ಲ. ಎಂಡೋಟಾಕ್ಸಿನ್‌ಗೆ ಘನ ಮೀಟರಿಗೆ 90 ಯೂನಿಟ್ ಮಿತಿ ಇರಲಿ ಎಂದು ನೆದರ್‌ಲ್ಯಾಂಡ್ಸ್‌ನ ಆರೋಗ್ಯ ಮಂಡಳಿ 2010ರಲ್ಲಿ ಶಿಫಾರಸು ಮಾಡಿತು. ಬೂಷ್ಟು, ಎಂಡೋಟಾಕ್ಸಿನ್ ಎರಡನ್ನೂ ಅಳೆಯಬೇಕು.

ನಮ್ಮಲ್ಲಿ?

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಾರ್ಮಿಕರಿಗೆ ಸಮವಸ್ತ್ರ, ಕೈಗವಸು, ರೇನ್‌ಕೋಟ್, ಪಾದರಕ್ಷೆ, ಮಾಸ್ಕ್ ಕೊಡಬೇಕೆಂದವು. ಒಳ್ಳೆಯದೇ. ಆದರೆ ಅವರು ಉಸಿರಾಡುವ ಗಾಳಿ ಎಷ್ಟು ಶುದ್ಧವಿರಬೇಕು ಎಂಬುದಕ್ಕೆ ಅವು ಅಂಕಿ ಕೊಡಲಿಲ್ಲ. ಬಟ್ಟೆಯ ಮಾಸ್ಕ್ ಸೂಕ್ಷ್ಮ ಬೀಜಕಣಗಳನ್ನು ಸರಿಯಾಗಿ ತಡೆಯದು. ತಡೆಯಬಲ್ಲ ಎನ್-95 ಅನ್ನು ಮುಖಕ್ಕೆ ಬಿಗಿಯಾಗಿ ಹಾಕಿಕೊಂಡು ತಗಡಿನ ಶೆಡ್ಡಿನ ಸೆಕೆಯಲ್ಲಿ ಇಡೀ ದಿನ ದುಡಿಯುವುದು ಕಷ್ಟ. ಬೆಂಗಳೂರಿನ ಒಣಕಸ ಕೇಂದ್ರಕ್ಕೆ ಬರುವುದೆಲ್ಲ ಒಣಗಿದ್ದೇ ಆಗಿರುವುದಿಲ್ಲ. ತೊಳೆಯದ ಹಾಲಿನ ಪ್ಯಾಕೆಟ್ಟು, ಸಾರು ಅಂಟಿದ ಪಾರ್ಸೆಲ್ ಡಬ್ಬಿಗಳೂ ಬರುತ್ತವೆ. ಮನೆಯಲ್ಲಿ ಅವನ್ನು ತೊಳೆದು ಒಣಗಿಸಿ ಕೊಟ್ಟರೆ ಬೂಷ್ಟಿಗೆ ಬೇಕಾದ ತೇವವೇ ಇರದು.

ಉಳಿದದ್ದು ಕೇಂದ್ರ ಕಟ್ಟುವವರ ಕೆಲಸ: ಟೆಂಡರ್ ಕರೆಯುವಾಗಲೇ ಕಸವನ್ನು ಒತ್ತಿ ಕಟ್ಟುವ ಬೇಲಿಂಗ್ ಯಂತ್ರದ ಜೊತೆಗೆ ವಿಂಗಡಣೆಯ ಮೇಜಿನ ಬಳಿ ದೂಳು ಹೀರುವ ಹುಡ್‌ಗೂ ಹಣ ತೆಗೆದಿಡಬೇಕು. ವರ್ಷಕ್ಕೊಮ್ಮೆ ಕಾರ್ಮಿಕರ ಶ್ವಾಸಕೋಶದ ಪರೀಕ್ಷೆಯಾಗಬೇಕು, ಅದರ ವರದಿ ಅವರ ಕೈಗೇ ಸಿಗಬೇಕು.