ಚೋಮನ ಸಾಲ, ಚೋಮನ ಮನಸ್ಸು

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಅಸ್ಪೃಶ್ಯತೆಯ ಕಾದಂಬರಿಯೆಂದೇ ಪ್ರಸಿದ್ಧ. ಬಡತನವು ಮನಸ್ಸನ್ನು ಮುರಿಯುವ ಬಗೆಯನ್ನು ನಿರೂಪಿಸುವ ಕೃತಿಯಾಗಿಯೂ ಅದು ವಿಚಾರಾರ್ಹವಾದುದು.

ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕುರಿತು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಕೊಯ್ಲಿಗೆ ಮುಂಚೆ ಕೈ ಬರಿದಾಗಿದ್ದಾಗ ಅವರ ಗ್ರಹಣಶಕ್ತಿ ಕುಗ್ಗಿದ್ದುದನ್ನೂ, ಹಣ ಬಂದ ಬಳಿಕ ಅದೇ ರೈತರು ಚೇತರಿಸಿಕೊಂಡುದನ್ನೂ ತೋರಿಸಿತು. ಕೊರತೆಯ ಚಿಂತೆ ಬುದ್ಧಿಯನ್ನು ಆಕ್ರಮಿಸುತ್ತದೆ. ಮಾಂದ್ಯವು ಬಡವನ ಸ್ವಭಾವವಲ್ಲ ಎಂಬುದು ಅದರ ತಾತ್ಪರ್ಯ.

ಚೋಮನಿಗೆ ಈ ಸೂತ್ರ ಅರ್ಧ ಮಾತ್ರ ಒಪ್ಪುತ್ತದೆ. ಕಾಫಿ ತೋಟದ ಸಾಲಕ್ಕೆ ಮಕ್ಕಳನ್ನು ಘಟ್ಟಕ್ಕೆ ಕಳುಹಿಸಿ, ತಾನು ಹೆಂಡಕ್ಕೂ ದುಡಿಗೂ ಶರಣಾಗುವ ಆತನ ನಡತೆ ಅವಿವೇಕವೆಂದು ತೋರಬಹುದು. ಸಾಲದ ನಡುವೆಯೂ ಆತ ಎತ್ತುಗಳನ್ನು ಸಾಕಿಕೊಂಡಿರುತ್ತಾನೆ. ಲೆಕ್ಕಕ್ಕೆ ನಷ್ಟವಾದ ಆ ಜೋಡಿಯೇ, ಎಂದಾದರೂ ಬೇಸಾಯಗಾರನಾದೇನೆಂಬ ಆಸೆಗೆ ಆಧಾರ.

ಮಗಳು ಬೆಳ್ಳಿ ತೋಟದಿಂದ ಹಿಂದಿರುಗುವ ವೇಳೆಗೆ ಸಾಲ ತೀರಿರುತ್ತದೆ. ಆಕೆಯೇ ಅದಕ್ಕೆ ತೆತ್ತ ಬೆಲೆ. ಚೋಮನ ಮನಸ್ಸು ಕೊನೆಗೆ ಕುಸಿಯುವುದು ಋಣಭಾರದ ಅಡಿಯಲ್ಲಲ್ಲ, ಅದು ಇಳಿದ ಮೇಲೆ. ಆತನ ಜಾತಿಗೆ ಬೇಸಾಯ ಸಲ್ಲದೆಂಬ ಕಟ್ಟಳೆ ಹಣದಿಂದ ತೀರುವ ಬಾಕಿಯಲ್ಲ. ಕಬ್ಬಿನ ರೈತನಿಗೆ ಕೊಯ್ಲಿನ ದಿನವೊಂದುಂಟು, ಚೋಮನಿಗೆ ಅದಿಲ್ಲ.

ಆತನ ಅಂತರಂಗವನ್ನು ಕಾರಂತರು ಮಾತಿಗಿಂತ ದುಡಿಯ ಬಡಿತಕ್ಕೇ ಒಪ್ಪಿಸಿದರು. ಮನೆಯ ಭಾರವನ್ನೆಲ್ಲ ಹೊತ್ತ ಬೆಳ್ಳಿಗೆ ಅಂತಹ ವಾದ್ಯವೂ ಇಲ್ಲ. ಆಕೆಯ ಸಂಕಟ ವಿಮರ್ಶಕರ ಗಮನಕ್ಕೆ ಇನ್ನಷ್ಟು ಅರ್ಹವಾದುದು. ಸಾಲ ಮನ್ನಾ ಆದೊಡನೆ ಮನಸ್ಸೂ ಸ್ವಸ್ಥವಾದೀತೆಂದು ನಂಬುವವರು ಈ ಕಾದಂಬರಿಯನ್ನು ಮತ್ತೊಮ್ಮೆ ಓದುವುದು ಲೇಸು.