ಒಂದೇ ಚಿಹ್ನೆಯ ಭಾಷೆ

1924ರಲ್ಲಿ ಮೋಸೆಸ್ ಶೋನ್‌ಫಿಂಕೆಲ್ ಸಂಯೋಜಕಗಳೆಂಬ ಎರಡೇ ಮೂಲಕ್ರಿಯೆಗಳಿಂದ ತರ್ಕದ ಚರಾಕ್ಷರಗಳನ್ನೆಲ್ಲ ನಿವಾರಿಸಬಹುದೆಂದು ತೋರಿಸಿದನಾದರೂ, ಆ ಸಂಯೋಜಕಗಳು ತಮಗೊಪ್ಪಿಸಿದ ಪ್ರೋಗ್ರಾಮಿನ ಒಳರಚನೆಯನ್ನು ಕಾಣಲಾರದವಾಗಿದ್ದುವು. ಈ ಕುರುಡನ್ನು ನೀಗಿದುದೇ ಬ್ಯಾರಿ ಜೇ ಅವರು 2021ರ ಗ್ರಂಥದಲ್ಲಿ ನಿರೂಪಿಸಿದ ಟ್ರೀ ಕ್ಯಾಲ್ಕುಲಸ್ಸಿನ ಹಿರಿಮೆ. ಅಲ್ಲಿರುವುದು ತ್ರಿಕೋನವೆಂಬ ಒಂದೇ ಚಿಹ್ನೆ, ಮೂರೇ ನಿಯಮ; ಅವುಗಳಲ್ಲಿ ಎರಡನ್ನು ಇಲ್ಲಿ ನೋಡಬಹುದು. ತ್ರಿಕೋನದ ಮುಂದೆ ಬರಿಯ ತ್ರಿಕೋನವನ್ನೂ ಅನಂತರ ಎರಡು ಪದಗಳನ್ನೂ ಇರಿಸಿದೊಡೆ, ಮೊದಲನೆಯ ಪದವುಳಿದು ಎರಡನೆಯದು ಲಯವಾಗುವುದು. ಬರಿಯ ತ್ರಿಕೋನದ ಸ್ಥಾನದಲ್ಲಿ ತ್ರಿಕೋನಗಳಿಂದಲೇ ಕಟ್ಟಿದ, ಎರಡಾಗಿ ಕವಲೊಡೆದ ವೃಕ್ಷವಿದ್ದರೆ, ಅದರ ಎರಡು ಶಾಖೆಗಳೂ ಬಿಡಿಬಿಡಿಯಾಗಿ ಕೊನೆಯ ಪದದ ವಶವಾಗುವುವು. ಎಂತಹ ಮಿತವ್ಯಯ! ಪ್ರೋಗ್ರಾಮೇ ವೃಕ್ಷ, ದತ್ತಾಂಶವೂ ವೃಕ್ಷವೇ ಆದುದರಿಂದ, ಎರಡು ಪ್ರೋಗ್ರಾಮುಗಳು ಒಂದೇ ರೂಪದವೋ ಅಲ್ಲವೋ ಎಂಬುದನ್ನು ಮೂರನೆಯ ಪ್ರೋಗ್ರಾಮೊಂದು ಯಾವ ಸಂಕೇತಾಂತರದ ಹಂಗೂ ಇಲ್ಲದೆ ನಿರ್ಣಯಿಸಬಲ್ಲುದು. ಕನಿಷ್ಠ ಭಾಷೆಯನ್ನು ರಚಿಸಬಯಸುವ ತರುಣರು ಕಾಗದದ ಮೇಲೆ ಈ ನಿಯಮಗಳನ್ನು ಸ್ವಹಸ್ತದಿಂದಲೇ ನಡೆಸಿ ನೋಡಬೇಕು.